ವಾಹನದ ದೀಪಗಳಿಗೆ ಯಂತ್ರಪರೀಕ್ಷೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಮಳೆಗಾಲಕ್ಕೆ ಮುನ್ನ ವಾಹನಗಳ ದೀಪಗಳ ಬಗ್ಗೆ ಪ್ರಶ್ನೆಗಳನ್ನು ಕಳುಹಿಸಿ ಎಂದು ಹಿಂದಿನ ಸಂಚಿಕೆಯಲ್ಲಿ ಕೇಳಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳವು. ಒಂದು ಜಿಲ್ಲೆಯವರು ಶಿರಾಡಿ ಘಾಟಿಯನ್ನೂ ಇನ್ನೊಂದು ಜಿಲ್ಲೆಯವರು ಚಾರ್ಮಾಡಿಯನ್ನೂ ದಿನನಿತ್ಯ ಇಳಿದು ಹತ್ತುವವರಾದ್ದರಿಂದ ಅದರಲ್ಲಿ ಆಶ್ಚರ್ಯವಿಲ್ಲ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ, ಬರೆದವರ ಹೆಸರು ಬಿಟ್ಟು ಊರನ್ನಷ್ಟೇ ಉಳಿಸಿಕೊಂಡಿದ್ದೇವೆ.

ಪ್ರಶ್ನೆ: ನನ್ನ ಬಳಿ ಒಂದು ಸರಕು ಪಿಕ್‌ಅಪ್ ಇದೆ. ಎಫ್‌ಸಿ (ವಾಹನದ ಅರ್ಹತಾ ಪತ್ರ) ಮಾಡಿಸಲು ಬೇರೆ ಊರಿನ ಸ್ವಯಂಚಾಲಿತ ಪರೀಕ್ಷಾ ಕೇಂದ್ರಕ್ಕೆ ಒಯ್ದಿದ್ದೆ. ಬ್ರೇಕು, ಹೊಗೆ ಎಲ್ಲವೂ ಪಾಸಾಗಿ ಎಡಗಡೆಯ ಹೆಡ್‌ಲೈಟು ಮಾತ್ರ ಫೇಲಾಯಿತು. ಹಿಂದಿನ ದಿನವಷ್ಟೇ ಎರಡೂ ಕಡೆ ಹೊಸ ಬಲ್ಬು ಹಾಕಿಸಿದ್ದೆ, ಬೆಳಕು ಕಣ್ಣು ಕುಕ್ಕುವಷ್ಟಿದೆ. ಮೊದಲೆಲ್ಲ ಇನ್‌ಸ್ಪೆಕ್ಟರು ಮುಂದೆ ನಿಂತು, ಲೈಟು ಹಾಕಿಸಿ ನೋಡಿ ಸಹಿ ಮಾಡುತ್ತಿದ್ದರು. ಈ ಯಂತ್ರ ನೋಡುವುದಾದರೂ ಏನನ್ನು?
ಸಕಲೇಶಪುರದ ಒಬ್ಬ ವಾಹನ ಮಾಲೀಕರು

ಉತ್ತರ: ಕಣ್ಣು ಕುಕ್ಕುವಷ್ಟಿದೆ ಎಂದು ನೀವು ಹೆಮ್ಮೆಯಿಂದ ಬರೆದಿರುವುದೇ ನಿಮ್ಮ ದೀಪದ ದೋಷವಾಗಿರಬಹುದು. ವಾಹನದ ಮುಂದೆ ನಿಂತವರ ಕಣ್ಣನ್ನು ಲೋ ಬೀಮು, ಅಂದರೆ ಡಿಮ್ ಮಾಡಿದಾಗಿನ ಬೆಳಕು, ಕುಕ್ಕುತ್ತಿದ್ದರೆ, ರಸ್ತೆಗೆ ಬೀಳಬೇಕಾದ ಬೆಳಕು ಮೇಲಕ್ಕೆ ಹೋಗುತ್ತಿದೆ ಎಂದೇ ಅರ್ಥ. ಯಂತ್ರ ಎರಡು ಸಂಗತಿಗಳನ್ನು ಬೇರೆ ಬೇರೆಯಾಗಿ ಅಳೆಯುತ್ತದೆ: ಬೆಳಕು ಎಷ್ಟಿದೆ ಎಂಬುದು ಒಂದು, ಅದು ಎಲ್ಲಿ ಬೀಳುತ್ತಿದೆ ಎಂಬುದು ಇನ್ನೊಂದು. ಮೊದಲನೆಯದನ್ನು ಕ್ಯಾಂಡೆಲಾ ಎಂಬ ಮಾನದಲ್ಲಿಯೂ ಎರಡನೆಯದನ್ನು ಶೇಕಡಾವಾರು ಇಳಿಜಾರಿನಲ್ಲಿಯೂ ಹೇಳುತ್ತಾರೆ. ಶೇ 1 ಇಳಿಜಾರು ಎಂದರೆ 10 ಮೀಟರ್ ದೂರ ಸಾಗುವಷ್ಟರಲ್ಲಿ ಬೆಳಕಿನ ಮೇಲಂಚು 10 ಸೆಂಟಿಮೀಟರ್ ಕೆಳಗಿಳಿಯುವುದು. ಹೆಡ್‌ಲೈಟು ನೆಲದಿಂದ 80 ಸೆಂಟಿಮೀಟರಿಗಿಂತ ಕೆಳಗಿರುವ ಕಾರುಗಳಲ್ಲಿ ಸಾಮಾನ್ಯವಾಗಿ ಶೇ 1ರಿಂದ 1.5ರಷ್ಟು ಇಳಿಜಾರು ಇಡುತ್ತಾರೆ. ದೀಪ ಎತ್ತರದಲ್ಲಿದ್ದಷ್ಟೂ ಇಳಿಜಾರು ಹೆಚ್ಚಬೇಕು.

ಹಳೆಯ ಗ್ಯಾರೇಜುಗಳಲ್ಲಿ ಇದನ್ನು ಗೋಡೆಯ ಮೇಲೆ ಗೆರೆ ಎಳೆದು ನೋಡುತ್ತಿದ್ದರು. ಪರೀಕ್ಷಾ ಕೇಂದ್ರದ ಯಂತ್ರ ಅದೇ ಗೋಡೆಯನ್ನು ಒಂದು ಪೆಟ್ಟಿಗೆಯೊಳಗೆ ಮಡಚಿಟ್ಟುಕೊಂಡಿದೆ ಎಂದುಕೊಳ್ಳಿ. ಪೆಟ್ಟಿಗೆಯ ಬಾಯಲ್ಲಿ ದೊಡ್ಡ ಮಸೂರವಿರುತ್ತದೆ. ದೂರದ ಗೋಡೆಯ ಮೇಲೆ ಮೂಡಬೇಕಾದ ಬೆಳಕಿನ ಚಿತ್ತಾರ ಈ ಮಸೂರದ ಹಿಂದಿನ ಚಿಕ್ಕ ಪರದೆಯ ಮೇಲೆ ಮೂಡುತ್ತದೆ, ಅದನ್ನು ಕ್ಯಾಮೆರಾ ಸೆರೆಹಿಡಿಯುತ್ತದೆ. ಪೆಟ್ಟಿಗೆ ಹಳಿಯ ಮೇಲೆ ತಾನಾಗಿ ಜರುಗಿ, ಮೇಲೆ ಕೆಳಗೆ ಸರಿದು, ನಿಮ್ಮ ದೀಪದ ನಡುವನ್ನು ಹುಡುಕಿ ಅದರ ಎದುರು ನಿಲ್ಲುತ್ತದೆ. ಆಮೇಲೆ ಗಣಕಯಂತ್ರ ಆ ಚಿತ್ರದಲ್ಲಿ ಬೆಳಕು ಮುಗಿದು ಕತ್ತಲೆ ಶುರುವಾಗುವ ಗೆರೆಯನ್ನು ಗುರುತಿಸುತ್ತದೆ. ನಾವು ರಸ್ತೆಯ ಎಡಬದಿಯಲ್ಲಿ ಸಾಗುವವರಾದ್ದರಿಂದ ಈ ಗೆರೆ ಬಲಭಾಗದಲ್ಲಿ ಮಟ್ಟಸವಾಗಿರಬೇಕು, ಏಕೆಂದರೆ ಎದುರಿನಿಂದ ಬರುವವರ ಕಣ್ಣು ಇರುವುದು ಆ ಕಡೆಯಲ್ಲಿ. ಎಡಭಾಗದಲ್ಲಿ ಅದೇ ಗೆರೆ ಸುಮಾರು 15 ಡಿಗ್ರಿ ಮೇಲೇರಿ, ರಸ್ತೆಯಂಚಿನ ಪಾದಚಾರಿಯನ್ನೂ ಮೈಲಿಗಲ್ಲನ್ನೂ ತೋರಿಸಬೇಕು. ಗೆರೆ ಎಲ್ಲಿ ಮುರಿದು ಮೇಲೇರುತ್ತದೆಯೋ ಆ ಮೂಲೆಯೇ ಯಂತ್ರದ ಗುರುತುಕಲ್ಲು. ಅದು ನಿಗದಿತ ಜಾಗದಿಂದ ಮಿತಿಮೀರಿ ಸರಿದಿದ್ದರೆ ಬಲ್ಬು ಎಷ್ಟೇ ಪ್ರಖರವಾಗಿದ್ದರೂ ಫಲಿತಾಂಶ ಫೇಲ್ ಎಂದೇ ಬರುತ್ತದೆ. ಸಾಹೇಬರ ಬರಿಗಣ್ಣಿಗೆ, ಅದೂ ಹಗಲಿನಲ್ಲಿ, ಈ ಗೆರೆ ಕಾಣುವ ಸಾಧ್ಯತೆಯೇ ಇರಲಿಲ್ಲ. ಅವರು ಪರೀಕ್ಷಿಸುತ್ತಿದ್ದದ್ದು ದೀಪ ಉರಿಯುತ್ತದೆಯೋ ಇಲ್ಲವೋ ಎಂಬುದನ್ನಷ್ಟೇ.

ಹೊಸ ಬಲ್ಬು ಹಾಕಿದ ಮರುದಿನವೇ ಏಕೆ ಹೀಗಾಯಿತು ಎಂಬುದಕ್ಕೆ ನನ್ನ ಊಹೆ ಹೀಗಿದೆ. ನಿಮ್ಮದು ಎಚ್4 ಮಾದರಿಯ ಬಲ್ಬಾಗಿದ್ದರೆ ಅದರೊಳಗೆ ಎರಡು ತಂತಿಗಳಿರುತ್ತವೆ: ಹೈ ಬೀಮಿಗೆ 60 ವಾಟಿನದು, ಲೋ ಬೀಮಿಗೆ 55 ವಾಟಿನದು. ಲೋ ಬೀಮಿನ ತಂತಿಯ ಕೆಳಗೆ ಬಟ್ಟಲಿನಂಥ ಪುಟ್ಟ ಲೋಹದ ಮರೆ ಇದ್ದು, ರಸ್ತೆಯ ಮೇಲೆ ಮೂಡುವ ಗೆರೆಯನ್ನು ಬರೆಯುವುದು ಆ ಮರೆಯ ಅಂಚು. ಬಲ್ಬಿನ ಬುಡದಲ್ಲಿ ಮೂರು ಕಿವಿಗಳಿವೆ, ಒಂದು ಅಗಲ, ಎರಡು ಕಿರಿದು. ಅವು ಮೂರೂ ತಮ್ಮ ತಮ್ಮ ಕಚ್ಚಿನಲ್ಲಿ ಕೂತು, ಮೇಲಿನ ತಂತಿ ಕ್ಲಿಪ್ಪು ಬಿಗಿಯಾಗದಿದ್ದರೆ ಬಲ್ಬಿನೊಳಗಿನ ತಂತಿ ಒಂದು ಮಿಲಿಮೀಟರಿನಷ್ಟಾದರೂ ಜರುಗಿರುತ್ತದೆ. ಒಂದು ಮಿಲಿಮೀಟರು ಎಷ್ಟರ ಮಾತು ಎನ್ನಬೇಡಿ. ರಿಫ್ಲೆಕ್ಟರಿನ ನಾಭಿದೂರ 25 ಮಿಲಿಮೀಟರ್ ಎಂದಿಟ್ಟುಕೊಂಡರೆ, ಅದರ ಇಪ್ಪತ್ತೈದನೆಯ ಒಂದು ಭಾಗದ ಜರುಗುವಿಕೆ ಬೆಳಕನ್ನು ಹೆಚ್ಚುಕಡಿಮೆ ಶೇ 4ರಷ್ಟು ತಿರುಗಿಸುತ್ತದೆ, ಅಂದರೆ 10 ಮೀಟರ್ ದೂರದಲ್ಲಿ 40 ಸೆಂಟಿಮೀಟರ್. ಎದುರಿನ ಕಾರು ಚಾಲಕನ ಎದೆಗೆ ಬೀಳಬಾರದ ಬೆಳಕು ಹಣೆಗೇ ಬೀಳಲು ಅಷ್ಟು ಸಾಕು. ಎಡ ಬಲ್ಬನ್ನು ತೆಗೆದು, ಕಿವಿಗಳನ್ನು ನೋಡಿಕೊಂಡು ಮತ್ತೆ ಕೂರಿಸಿ. ನಾಲ್ಕೂ ಟೈರುಗಳಿಗೆ ಸರಿಯಾದ ಗಾಳಿ ಹಾಕಿಸಿ, ಹಿಂದಿನ ಸರಕನ್ನೆಲ್ಲ ಇಳಿಸಿದ ಮೇಲೆ, ಸ್ಕ್ರೂ ತಿರುಗಿಸಿ ಗುರಿ ಸರಿಮಾಡುವ ಗ್ಯಾರೇಜಿಗೆ ತೋರಿಸಿ ಮರುಪರೀಕ್ಷೆಗೆ ಹೋಗಿ. ಸ್ಕ್ರೂ ತಿರುಗಿಸುವುದು ಕೊನೆಯ ಕೆಲಸವಾಗಿರಲಿ. ಬಲ್ಬು ಸೊಟ್ಟಗೆ ಕೂತಿರುವಾಗಲೇ ಸ್ಕ್ರೂವಿನಿಂದ ಗುರಿ ಹೊಂದಿಸಿದರೆ ಮುಂದಿನ ಬಲ್ಬು ನೆಟ್ಟಗೆ ಕೂತ ದಿನ ಗುರಿ ಮತ್ತೆ ತಪ್ಪುತ್ತದೆ.

ಪ್ರಶ್ನೆ: ನನ್ನ ಆಟೋದ ಎಡಗಡೆಯ ಇಂಡಿಕೇಟರು ಮಾತ್ರ ಇದ್ದಕ್ಕಿದ್ದಂತೆ ಪಟಪಟನೆ ಬೇಗ ಬಡಿದುಕೊಳ್ಳುತ್ತಿದೆ. ಇದಕ್ಕೂ ಎಫ್‌ಸಿಯಲ್ಲಿ ಫೇಲ್ ಮಾಡುತ್ತಾರೆಯೇ?
ಬೇಲೂರಿನ ಆಟೋ ಚಾಲಕರು

ಉತ್ತರ: ಇಂಡಿಕೇಟರು ನಿಮಿಷಕ್ಕೆ 60ರಿಂದ 120 ಬಾರಿ ಮಿನುಗಬೇಕು. ಆ ಮಿತಿ ದಾಟಿದರೆ ಅದು ದೋಷವೇ. ಬೇಗ ಬಡಿದುಕೊಳ್ಳುವುದು ನಿಮಗೆ ಸುದ್ದಿ ಮುಟ್ಟಿಸುವ ಏರ್ಪಾಡು, ಎಡಗಡೆಯ ಮುಂದಿನ ಅಥವಾ ಹಿಂದಿನ ಬಲ್ಬೊಂದು ಸುಟ್ಟಿರಬೇಕು. 12 ವೋಲ್ಟಿನ, 21 ವಾಟಿನ ಬಲ್ಬು ಸುಮಾರು 1.75 ಆಂಪಿಯರ್ ವಿದ್ಯುತ್ತನ್ನು ಎಳೆಯುತ್ತದೆ. ಒಂದು ಬಲ್ಬು ಆರಿದರೆ ಎಳೆತ ಕಡಿಮೆಯಾಗಿ, ದೀಪವನ್ನು ಮಿನುಗಿಸುವ ಫ್ಲ್ಯಾಶರು ಅದನ್ನು ಗುರುತಿಸಿ ವೇಗ ಹೆಚ್ಚಿಸುತ್ತದೆ. ಇತ್ತೀಚೆಗೆ ಯಾರಾದರೂ ಎಲ್‌ಇಡಿ ಬಲ್ಬು ಹಾಕಿಕೊಟ್ಟಿದ್ದರೂ ಹೀಗಾಗುತ್ತದೆ, ಅದು ಎಳೆಯುವುದು ತೀರ ಕಡಿಮೆಯಾದ್ದರಿಂದ ಫ್ಲ್ಯಾಶರು ಅದನ್ನು ಸುಟ್ಟ ಬಲ್ಬೆಂದೇ ತಿಳಿಯುತ್ತದೆ.

ಪ್ರಶ್ನೆ: ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುವಾಗ ಮಂಜಿನಲ್ಲಿ ಏನೂ ಕಾಣುವುದಿಲ್ಲವೆಂದು ಕಾರಿಗೆ ಬಿಳಿಯ ಎಲ್‌ಇಡಿ ಬಲ್ಬು ಹಾಕಿಸಿದೆ. ಈಗ ಮಂಜು ಇನ್ನೂ ದಟ್ಟವಾಗಿ, ಬಿಳಿಗೋಡೆಯಂತೆ ಕಾಣುತ್ತದೆ. ಎದುರಿನವರು ಡಿಪ್ಪರು ಹೊಡೆದು ಬೈದು ಹೋಗುತ್ತಾರೆ. ಹಳದಿ ಬಲ್ಬು ಹಾಕಿಸಿದರೆ ಸರಿಹೋಗುತ್ತದೆಯೇ? ಯಂತ್ರದ ಪರೀಕ್ಷೆಯಲ್ಲಿ ಇದು ಸಿಕ್ಕಿಬೀಳುತ್ತದೆಯೇ?
ಮೂಡಿಗೆರೆಯ ಓದುಗರು

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ: ಸಿಕ್ಕಿಬೀಳುತ್ತದೆ, ಸಿಕ್ಕಿಬೀಳಬೇಕು ಕೂಡ. ಹ್ಯಾಲೊಜನ್ ಬಲ್ಬಿನಲ್ಲಿ ಬೆಳಕು ಹುಟ್ಟುವುದು ಕೂದಲೆಳೆಯಂಥ ಒಂದು ತಂತಿಯಿಂದ, ಅದು ಸುತ್ತಲೂ ಎಲ್ಲ ದಿಕ್ಕಿಗೂ ಬೆಳಗುತ್ತದೆ. ನಿಮ್ಮ ಕಾರಿನ ರಿಫ್ಲೆಕ್ಟರಿನ ಪ್ರತಿಯೊಂದು ಬಾಗನ್ನೂ ಆ ತಂತಿಯ ಜಾಗ, ಉದ್ದ, ದಪ್ಪ ಇವುಗಳನ್ನು ಲೆಕ್ಕಹಾಕಿಯೇ ರೂಪಿಸಿರುತ್ತಾರೆ. ಬದಲಿಗೆ ಹಾಕಿದ ಎಲ್‌ಇಡಿಯಲ್ಲಿ ಚಪ್ಪಟೆಯಾದ ಒಂದು ಕಡ್ಡಿಯ ಎರಡು ಪಕ್ಕಗಳಿಗೆ ಬೆಳಕಿನ ಚಿಪ್ಪುಗಳನ್ನು ಅಂಟಿಸಿರುತ್ತಾರೆ. ಕಡ್ಡಿಯ ದಪ್ಪದಷ್ಟು ಅವು ನಡುವಿನಿಂದ ದೂರ ಸರಿದಿರುತ್ತವೆ, ಮೇಲೆ ಕೆಳಗೆ ಬೆಳಕೇ ಹೊರಡುವುದಿಲ್ಲ. ಪರಿಣಾಮವಾಗಿ ಗೆರೆ ಕರಗಿ, ಅದರ ಮೇಲ್ಭಾಗಕ್ಕೂ ಬೆಳಕು ಚೆಲ್ಲುತ್ತದೆ. ಯಂತ್ರದ ಕ್ಯಾಮೆರಾ ಹುಡುಕುವುದೇ ಆ ಗೆರೆಯನ್ನಾದ್ದರಿಂದ, ಅದು ಸಿಗದಿದ್ದರೆ ಅಥವಾ ಗೆರೆಯ ಮೇಲಿನ ಬೆಳಕು ಮಿತಿಮೀರಿದರೆ ದೀಪವನ್ನು ತಿರಸ್ಕರಿಸುತ್ತದೆ. ಕಾನೂನಿನ ಮಾತು ಬೇರೆಯೇ ಇದೆ. ದೀಪಕ್ಕೆ ಅನುಮೋದನೆ ಸಿಕ್ಕಿರುವುದು ನಿರ್ದಿಷ್ಟ ವರ್ಗದ ಬಲ್ಬಿನೊಡನೆ, ಮತ್ತು ತಯಾರಕರ ವಿವರಣೆಗೆ ವಿರುದ್ಧವಾಗಿ ವಾಹನವನ್ನು ಬದಲಾಯಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ವಿಧಿ ತಡೆಯುತ್ತದೆ.

ಇನ್ನು ಮಂಜು. ಮಂಜೆಂದರೆ ಗಾಳಿಯಲ್ಲಿ ತೇಲುವ ನೀರಿನ ಹನಿಗಳು. ಒಂದೊಂದು ಹನಿಯೂ ಬೆಳಕಿನ ತರಂಗದ ಉದ್ದಕ್ಕಿಂತ ಎಷ್ಟೋ ಪಟ್ಟು ದೊಡ್ಡದಾದ್ದರಿಂದ, ನೀಲಿಯಾಗಲಿ ಹಳದಿಯಾಗಲಿ ಅದು ಹೆಚ್ಚು ಭೇದಭಾವ ಮಾಡದೆ ಎಲ್ಲ ಬಣ್ಣವನ್ನೂ ಚದುರಿಸುತ್ತದೆ. ಆಕಾಶ ನೀಲಿಯಾಗಿದ್ದು ಮಂಜು ಬೆಳ್ಳಗಿರುವುದಕ್ಕೆ ಕಾರಣವೂ ಇದೇ. ಹಳದಿ ಬೆಳಕು ಮಂಜನ್ನು ಸೀಳಿಕೊಂಡು ಹೋಗುತ್ತದೆ ಎಂಬ ನಂಬಿಕೆ ನಮ್ಮ ಕಡೆ ಬೇರೂರಿದೆ. ಕೆಲವರ ಕಣ್ಣಿಗೆ ಅದು ಹಿತವಾಗಿರುವುದು ನಿಜವಾದರೂ, ಸೀಳುವ ಶಕ್ತಿ ಅದಕ್ಕಿಲ್ಲ. ನಿಮ್ಮೆದುರು ಬಿಳಿಗೋಡೆ ಏಳುವುದು ನಿಮ್ಮ ಕಣ್ಣು ಮತ್ತು ರಸ್ತೆಯ ನಡುವಿನ ಹನಿಗಳಿಗೆ ನಿಮ್ಮದೇ ಬೆಳಕು ಬಡಿದು ಹಿಂದಿರುಗುವುದರಿಂದ, ಅಂದರೆ ಮೇಲಕ್ಕೆ ಚೆಲ್ಲಿದ ಬೆಳಕಿನಿಂದ. ಬೆಳಕು ಹೆಚ್ಚಾದಂತೆ ಗೋಡೆಯೂ ಬೆಳಗುತ್ತದೆ. ಹಾಗಾಗಿ ಮಂಜಿನಲ್ಲಿ ಬೇಕಾದದ್ದು ಕೆಳಗೆ ಕೂರಿಸಿದ, ಅಗಲವಾಗಿ ಹರಡುವ, ಮೇಲಂಚು ಕತ್ತಿಯಲಗಿನಂತೆ ಮುಗಿಯುವ ಫಾಗ್ ಲ್ಯಾಂಪು. ಅದು ಮಂಜಿನ ಕೆಳಗಿನಿಂದ ರಸ್ತೆಯ ಬಿಳಿಗೆರೆಯನ್ನು ತೋರಿಸಿದರೆ ಸಾಕು. ಹೈ ಬೀಮನ್ನಂತೂ ಮುಟ್ಟಬೇಡಿ. ಹಳೆಯ ಹ್ಯಾಲೊಜನ್ ಬಲ್ಬನ್ನೇ ಮತ್ತೆ ಹಾಕಿಸಿ.

ಅದರ ಬೆಳಕು ಮೊದಲಿನಿಂದಲೂ ಮಂಕಾಗಿತ್ತು ಎಂದಾದರೆ ಬಲ್ಬನ್ನು ದೂಷಿಸುವ ಮೊದಲು, ಎಂಜಿನ್ ಓಡುತ್ತಿರುವಾಗ ಹೋಲ್ಡರಿನಲ್ಲಿ ವೋಲ್ಟೇಜು ಅಳೆಯಿರಿ. ತಂತಿ ಬಲ್ಬಿನ ಬೆಳಕು ವೋಲ್ಟೇಜಿನೊಂದಿಗೆ ಅತಿ ಕಡಿದಾಗಿ ಏರಿಳಿಯುತ್ತದೆ. 13.2 ವೋಲ್ಟು ತಲುಪಬೇಕಾದಲ್ಲಿ 12 ವೋಲ್ಟಷ್ಟೇ ತಲುಪುತ್ತಿದ್ದರೆ ಬೆಳಕಿನಲ್ಲಿ ಕಾಲುಭಾಗಕ್ಕಿಂತ ಹೆಚ್ಚು ನಷ್ಟವಾಗುತ್ತದೆ. ತುಕ್ಕು ಹಿಡಿದ ಅರ್ಥ್ ಕನೆಕ್ಷನ್ನು, ಸವೆದ ಸ್ವಿಚ್ಚು ಇವೇ ಹೆಚ್ಚಾಗಿ ಕಾರಣ. ನೂರಿನ್ನೂರು ರೂಪಾಯಿಯ ರಿಲೇ ಮತ್ತು ದಪ್ಪ ವೈರಿನಿಂದ ಸರಿಹೋಗುವುದಕ್ಕೆ ಸಾವಿರಾರು ರೂಪಾಯಿಯ ಎಲ್‌ಇಡಿ ಕೊಳ್ಳುವವರನ್ನು ನೋಡಿದರೆ ನನಗೆ ಬೇಸರವಾಗುತ್ತದೆ.

ಪ್ರಶ್ನೆ: ನಾನು ಎಂಜಿನಿಯರಿಂಗ್ ಅಂತಿಮ ವರ್ಷದ ವಿದ್ಯಾರ್ಥಿನಿ. ವಾಹನದ ದೀಪಗಳ ಸ್ವಯಂಚಾಲಿತ ಪರೀಕ್ಷೆಯನ್ನೇ ಪ್ರಾಜೆಕ್ಟಿಗೆ ಆರಿಸಿಕೊಳ್ಳಬೇಕೆಂದಿದ್ದೇನೆ. ಕಾರ್ಖಾನೆಗಳಲ್ಲಿ ಇದನ್ನು ಹೇಗೆ ಮಾಡುತ್ತಾರೆ? ಕಡಿಮೆ ಖರ್ಚಿನಲ್ಲಿ ನಾವು ಏನು ಮಾಡಬಹುದು?
ಹಾಸನದ ವಿದ್ಯಾರ್ಥಿನಿ

ಉತ್ತರ: ಒಳ್ಳೆಯ ವಿಷಯವನ್ನೇ ಆರಿಸಿಕೊಂಡಿದ್ದೀರಿ. ಕಾರ್ಖಾನೆಯಲ್ಲಿ ಒಂದು ದೀಪ ಮೂರು ಹಂತಗಳಲ್ಲಿ ಮೂರು ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ ಕೊಡಬೇಕಾಗುತ್ತದೆ, ಅವುಗಳನ್ನು ಕಲಸಿಬಿಟ್ಟರೆ ಪ್ರಾಜೆಕ್ಟು ಎಲ್ಲಿಗೂ ತಲುಪುವುದಿಲ್ಲ.

ದೀಪದ ವಿನ್ಯಾಸವೇ ಸರಿಯಿದೆಯೇ ಎಂಬುದು ಮೊದಲನೆಯ ಪ್ರಶ್ನೆ. ಇದಕ್ಕೆ ಕತ್ತಲೆ ಕೋಣೆಯಲ್ಲಿ ಗೋನಿಯೋಫೋಟೋಮೀಟರ್ ಎಂಬ ಯಂತ್ರವಿರುತ್ತದೆ. ದೀಪವನ್ನು ಅದರ ತೋಳಿನಲ್ಲಿ ಕೂರಿಸಿ, ಡಿಗ್ರಿಯ ಸಣ್ಣ ಸಣ್ಣ ಭಾಗಗಳಷ್ಟು ತಿರುಗಿಸುತ್ತಾ, ದೂರದಲ್ಲಿ, ವಾಡಿಕೆಯಂತೆ 25 ಮೀಟರ್ ಆಚೆ, ಸ್ಥಿರವಾಗಿ ನಿಂತ ಬೆಳಕಿನ ಸಂವೇದಕದಿಂದ ಒಂದೊಂದು ದಿಕ್ಕಿನ ತೀವ್ರತೆಯನ್ನೂ ಅಳೆಯುತ್ತಾರೆ. ಬೆಳಕು ದೂರದ ವರ್ಗಕ್ಕೆ ವಿಲೋಮವಾಗಿ ಕುಗ್ಗುವುದರಿಂದ, 25 ಮೀಟರಿನಲ್ಲಿ ಸಿಕ್ಕ 1 ಲಕ್ಸ್ (ಬಿದ್ದ ಬೆಳಕಿನ ಮಾನ) ಎಂದರೆ ದೀಪದ ಬಾಯಲ್ಲಿ 625 ಕ್ಯಾಂಡೆಲಾ. ನಮ್ಮ ದೇಶದಲ್ಲಿ ಇಂಥ ಅನುಮೋದನಾ ಪರೀಕ್ಷೆಗಳನ್ನು ಪುಣೆಯ ಎಆರ್‌ಎಐ, ಮಾನೇಸರದ ಐಕ್ಯಾಟ್ ಮುಂತಾದ ಸಂಸ್ಥೆಗಳು ಮಾಡುತ್ತವೆ. ವಾಹನದ ಮೇಲೆ ಯಾವ ದೀಪ ಎಲ್ಲಿ, ಎಷ್ಟು ಎತ್ತರದಲ್ಲಿ ಇರಬೇಕೆಂಬುದನ್ನು ಎಐಎಸ್-008 ಎಂಬ ಮಾನಕ ಹೇಳುತ್ತದೆ.

ವಿನ್ಯಾಸ ಸರಿಯಿದ್ದರೂ ಈ ಒಂದು ದೀಪವನ್ನು ಸರಿಯಾಗಿ ಜೋಡಿಸಿದ್ದಾರೆಯೇ ಎಂಬುದು ಎರಡನೆಯದು. ತಯಾರಿಕೆಯ ಸಾಲಿನ ಕೊನೆಯಲ್ಲಿ ಕೆಲವೇ ಸೆಕೆಂಡುಗಳಲ್ಲಿ ಇದು ಮುಗಿಯಬೇಕು. ದೀಪದೊಳಗೆ ಸ್ವಲ್ಪ ಗಾಳಿ ಒತ್ತಿ, ಒತ್ತಡ ಇಳಿಯುತ್ತದೆಯೇ ಎಂದು ನೋಡಿ ಸೋರಿಕೆ ಪತ್ತೆಹಚ್ಚುತ್ತಾರೆ. ಎಷ್ಟು ಆಂಪಿಯರ್ ಎಳೆಯುತ್ತದೆಂದು ಅಳೆಯುತ್ತಾರೆ. ಕ್ಯಾಮೆರಾದಿಂದ ಬಣ್ಣ, ಪ್ರಖರತೆ, ಗೆರೆಯ ಸ್ಥಾನ ನೋಡುತ್ತಾರೆ. ಇಲ್ಲಿ ಹೊಸಬರು ಎಡವುವ ಒಂದು ಜಾಗವಿದೆ. ಎಲ್‌ಇಡಿಯ ಪ್ರಖರತೆಯನ್ನು ತಗ್ಗಿಸಲು ಅದನ್ನು ಸೆಕೆಂಡಿಗೆ ನೂರಾರು ಬಾರಿ ಆರಿಸಿ ಹೊತ್ತಿಸುತ್ತಾರೆ, ಕಣ್ಣಿಗೆ ಅದು ತಿಳಿಯುವುದಿಲ್ಲ, ಕ್ಯಾಮೆರಾಗೆ ತಿಳಿಯುತ್ತದೆ. ದೀಪ ಸೆಕೆಂಡಿಗೆ 200 ಬಾರಿ ಮಿನುಗುತ್ತಿದ್ದು, ಪ್ರತಿ 5 ಮಿಲಿಸೆಕೆಂಡಿನಲ್ಲಿ 1 ಮಿಲಿಸೆಕೆಂಡು ಮಾತ್ರ ಉರಿಯುತ್ತಿದೆ ಎಂದುಕೊಳ್ಳಿ. ಕ್ಯಾಮೆರಾದ ಕಣ್ಣು ತೆರೆದಿರುವುದೂ 1 ಮಿಲಿಸೆಕೆಂಡೇ ಆದರೆ ಒಂದು ಚಿತ್ರದಲ್ಲಿ ದೀಪ ಪೂರ್ತಿ ಉರಿಯುತ್ತಿರುತ್ತದೆ, ಇನ್ನೊಂದರಲ್ಲಿ ಪೂರ್ತಿ ಆರಿರುತ್ತದೆ. ಕಣ್ಣನ್ನು 20 ಮಿಲಿಸೆಕೆಂಡು, ಅಂದರೆ ಸರಿಯಾಗಿ ನಾಲ್ಕು ಸುತ್ತು ತೆರೆದಿಟ್ಟರೆ ಎಲ್ಲ ಚಿತ್ರಗಳೂ ಸಮನಾಗುತ್ತವೆ. ಬಿಸಿಯ ವಿಚಾರವೂ ಅಷ್ಟೇ ಮುಖ್ಯ. ಎಲ್‌ಇಡಿ ತಣ್ಣಗಿದ್ದಾಗ ಹೆಚ್ಚು ಬೆಳಗಿ, ಕಾದಂತೆ ಮಂಕಾಗುತ್ತದೆ. ಆದ್ದರಿಂದ ಹೊತ್ತಿಸಿದ ಎಷ್ಟು ಹೊತ್ತಿಗೆ ಅಳೆಯಬೇಕೆಂಬುದು ಪರೀಕ್ಷೆಯ ಭಾಗವಾಗಿಯೇ ಬರೆದಿರಬೇಕು.

ಮೂರನೆಯ ಪ್ರಶ್ನೆ ದೀಪಕ್ಕಿಂತ ಅದರ ಹಿಂದಿನ ತಂತ್ರಾಂಶವನ್ನು ಕುರಿತದ್ದು. ಇಂದಿನ ಕಾರಿನಲ್ಲಿ ಸ್ವಿಚ್ಚು ನೇರವಾಗಿ ದೀಪಕ್ಕೆ ವಿದ್ಯುತ್ತು ಕೊಡುವುದಿಲ್ಲ. ಅದು ಬಾಡಿ ಕಂಟ್ರೋಲ್ ಮಾಡ್ಯೂಲ್ ಎಂಬ ಗಣಕಕ್ಕೆ ಕೋರಿಕೆ ಸಲ್ಲಿಸುತ್ತದೆ, ಉಳಿದದ್ದನ್ನು ಆ ಗಣಕ ತೀರ್ಮಾನಿಸುತ್ತದೆ. ಪರೀಕ್ಷೆಗೆ ಇಡೀ ಕಾರು ಬೇಕಿಲ್ಲ. ಆ ಮಾಡ್ಯೂಲನ್ನು ಮೇಜಿನ ಮೇಲಿಟ್ಟು, ಕಾರಿನ ಉಳಿದ ಭಾಗಗಳಂತೆ ನಟಿಸುವ ಇನ್ನೊಂದು ಗಣಕವನ್ನು ಅದಕ್ಕೆ ಜೋಡಿಸುತ್ತಾರೆ. ಕೀಲಿ ತಿರುಗಿತು, ಕತ್ತಲಾಯಿತು, ಬ್ರೇಕು ತುಳಿದರು, ಬ್ಯಾಟರಿ 9 ವೋಲ್ಟಿಗೆ ಇಳಿಯಿತು ಎಂದೆಲ್ಲ ಸುಳ್ಳು ಸಂಕೇತ ಕಳುಹಿಸಿ, ಯಾವ ತಂತಿಯಲ್ಲಿ ಎಷ್ಟು ಮಿಲಿಸೆಕೆಂಡಿನೊಳಗೆ ವಿದ್ಯುತ್ತು ಬಂತೆಂದು ದಾಖಲಿಸುತ್ತಾರೆ. ರಾತ್ರಿಯಿಡೀ ಸಾವಿರಾರು ಸಂದರ್ಭಗಳನ್ನು ಹೀಗೆ ಓಡಿಸಬಹುದು. ಎದುರಿನ ವಾಹನವನ್ನು ಕ್ಯಾಮೆರಾದಿಂದ ಕಂಡು, ಅದರ ಮೇಲೆ ಬೀಳುವ ಬೆಳಕಿನ ತುಣುಕನ್ನಷ್ಟೇ ಆರಿಸುವ ಹೊಸ ಬಗೆಯ ಹೆಡ್‌ಲೈಟುಗಳಿಗೆ ಇಂಥ ಪರೀಕ್ಷೆ ಅನಿವಾರ್ಯ, ಏಕೆಂದರೆ ಅಷ್ಟು ಬಗೆಯ ತಿರುವು, ಮಳೆ, ಎದುರು ವಾಹನಗಳನ್ನು ನಿಜವಾದ ರಸ್ತೆಯಲ್ಲಿ ಬೇಕೆಂದಾಗ ಒದಗಿಸಲು ಆಗುವುದಿಲ್ಲ.

ನಿಮ್ಮ ಪ್ರಾಜೆಕ್ಟಿಗೆ ನನ್ನ ಸಲಹೆ ಇಷ್ಟು. ಹಳೆಯ ಸ್ಕೂಟರಿನ ಇಂಡಿಕೇಟರು ಮತ್ತು ಬ್ರೇಕ್ ಲೈಟುಗಳನ್ನು ಹಲಗೆಗೆ ಜೋಡಿಸಿ. ಒಂದು ಮೈಕ್ರೋಕಂಟ್ರೋಲರಿನಿಂದ ಸ್ವಿಚ್ಚುಗಳನ್ನು ನಡೆಸಿ. ಪ್ರತಿಯೊಂದು ದೀಪದೆದುರು ಬೆಳಕಿನ ಸಂವೇದಕ, ಪ್ರತಿಯೊಂದು ತಂತಿಯಲ್ಲಿ ವಿದ್ಯುತ್ ಸಂವೇದಕ ಇಡಿ. ಎರಡೂ ಬೇಕು, ಏಕೆಂದರೆ ವಿದ್ಯುತ್ತು ಹರಿಯುತ್ತಿದ್ದರೂ ದೀಪ ಬೆಳಗದಿರುವ ಸಂದರ್ಭಗಳಿವೆ. ನಂತರ ನಿಮ್ಮ ಪರೀಕ್ಷೆಯನ್ನೇ ಪರೀಕ್ಷಿಸಿ: ಬೇಕೆಂದೇ ಒಂದು ಬಲ್ಬು ಕಿತ್ತುಹಾಕಿ, ಒಂದು ಅರ್ಥ್ ತಂತಿ ಸಡಿಲಿಸಿ, ಸಂವೇದಕಕ್ಕೆ ಟೇಪು ಅಂಟಿಸಿ, ಪ್ರತಿಸಲವೂ ಅದು ಫೇಲ್ ಎಂದೇ ಹೇಳುತ್ತದೆಯೇ ನೋಡಿ. ದೀಪಗಳ ಪರೀಕ್ಷಾ ವಿಭಾಗದಲ್ಲಿ ನಾನು ಕೆಲಸ ಮಾಡುತ್ತಿದ್ದಾಗ, ಒಂದು ಪರೀಕ್ಷಾ ಮೇಜು ಮೂರು ದಿನ ಎಲ್ಲ ದೀಪಗಳನ್ನೂ ಪಾಸು ಮಾಡುತ್ತಾ ಹೋಯಿತು. ಕೊನೆಗೆ ನೋಡಿದರೆ ಸಂವೇದಕದ ತಂತಿ ಕಳಚಿ, ತಂತ್ರಾಂಶ ಮೊದಲ ದಿನದ ಅಳತೆಯನ್ನೇ ಮತ್ತೆ ಮತ್ತೆ ಓದುತ್ತಿತ್ತು. ಆ ಮೂರು ದಿನಗಳ ದೀಪಗಳನ್ನೆಲ್ಲ ಡಬ್ಬಿ ಬಿಚ್ಚಿ ಮತ್ತೆ ನೋಡಬೇಕಾಯಿತು. ಅಂದಿನಿಂದ ಪ್ರತಿ ಪಾಳಿಯ ಮೊದಲಿಗೆ ಕೆಟ್ಟ ದೀಪವೊಂದನ್ನು ಯಂತ್ರಕ್ಕೆ ತಿನ್ನಿಸಿ, ಅದು ಉಗಿದ ಮೇಲೆಯೇ ಕೆಲಸ ಶುರುಮಾಡುವ ಪದ್ಧತಿ ಬಂತು.

ಪ್ರಶ್ನೆ: ನನ್ನ ಸ್ಕೂಟರಿನ ಹೆಡ್‌ಲೈಟು ಹಗಲಿನಲ್ಲೂ ಆರುವುದೇ ಇಲ್ಲ. ದಾರಿಯುದ್ದಕ್ಕೂ ಜನ ಲೈಟು ಉರಿಯುತ್ತಿದೆ ಎಂದು ಕೈಸನ್ನೆ ಮಾಡುತ್ತಾರೆ. ರಿಪೇರಿ ಮಾಡಿಸಬೇಕೇ?
ಚಿಕ್ಕಮಗಳೂರಿನ ಶಿಕ್ಷಕಿ

ಉತ್ತರ: ಬೇಡ. 2017ರ ಏಪ್ರಿಲ್ 1ರಿಂದ ತಯಾರಾದ ದ್ವಿಚಕ್ರ ವಾಹನಗಳಲ್ಲಿ ಎಂಜಿನ್ ಓಡುತ್ತಿರುವಾಗ ಹೆಡ್‌ಲೈಟು ತಾನಾಗಿ ಉರಿಯುತ್ತಲೇ ಇರಬೇಕೆಂಬುದು ನಿಯಮ, ದೊಡ್ಡ ವಾಹನದವರ ಕಣ್ಣಿಗೆ ನೀವು ಬೇಗ ಬೀಳಲೆಂಬುದು ಅದರ ಉದ್ದೇಶ. ಅದಕ್ಕಾಗಿಯೇ ಆರಿಸುವ ಸ್ವಿಚ್ಚು ಕೊಟ್ಟಿಲ್ಲ. ಹೊರಗಿನಿಂದ ಸ್ವಿಚ್ಚು ಹಾಕಿಸಿಕೊಳ್ಳಬೇಡಿ. ಕೈಸನ್ನೆ ಮಾಡುವವರಿಗೆ ನಗುತ್ತಾ ತಲೆಯಾಡಿಸಿ ಮುಂದೆ ಹೋಗಿ.

ಪ್ರಶ್ನೆ: ಕಾಫಿ ತೋಟದ ಕೆಲಸಕ್ಕೆ ಜೀಪು ಇಟ್ಟುಕೊಂಡಿದ್ದೇವೆ. ಪರೀಕ್ಷೆಗೆ ಖಾಲಿ ಜೀಪು ಒಯ್ಯುತ್ತೇವೆ, ಓಡಿಸುವುದು ಮಾತ್ರ ಹಿಂದೆ ಕಾಫಿ ಮೂಟೆ ತುಂಬಿಕೊಂಡು. ಹೊರೆ ಬಿದ್ದಾಗ ಮೂತಿ ಮೇಲೇಳುತ್ತದೆ. ಹಾಗಾದರೆ ಯಂತ್ರದ ಅಳತೆಗೆ ಅರ್ಥವೇನು? ಮನೆಯಲ್ಲೇ ನೋಡಿಕೊಳ್ಳುವ ಉಪಾಯವಿದೆಯೇ?
ಆಲ್ದೂರಿನ ತೋಟದ ಮೇಲ್ವಿಚಾರಕರು

ಉತ್ತರ: ನಿಮ್ಮ ಪ್ರಶ್ನೆ ಯಂತ್ರದ ದೌರ್ಬಲ್ಯದ ಮೇಲೇ ಬೆರಳಿಟ್ಟಿದೆ. ಯಂತ್ರ ತನ್ನೆದುರು ನಿಂತ ಗಳಿಗೆಯ ವಾಹನವನ್ನು ಮಾತ್ರ ಬಲ್ಲದು. ಲೆಕ್ಕ ಹಾಕಿ ನೋಡೋಣ. ದೀಪ ನೆಲದಿಂದ 90 ಸೆಂಟಿಮೀಟರ್ ಎತ್ತರದಲ್ಲಿದ್ದು ಇಳಿಜಾರು ಶೇ 1.5 ಇದ್ದರೆ, ಬೆಳಕಿನ ಮೇಲಂಚು 60 ಮೀಟರ್ ದೂರದಲ್ಲಿ ನೆಲ ಮುಟ್ಟುತ್ತದೆ. 50 ಕಿಲೋದ ಹತ್ತು ಮೂಟೆ ಹಿಂದಕ್ಕೆ ಹೇರಿದಾಗ ಜೀಪು ಬರೇ ಒಂದು ಡಿಗ್ರಿ ಹಿಂದಕ್ಕೆ ವಾಲಿತೆಂದುಕೊಳ್ಳಿ. ಒಂದು ಡಿಗ್ರಿ ಎಂದರೆ ಶೇ 1.75. ನೀವು ಇಟ್ಟಿದ್ದ ಶೇ 1.5 ಇಳಿಜಾರು ಅಳಿಸಿಹೋಗಿ, ಶೇ 0.25 ಏರುಮುಖವೇ ಆಯಿತು. ಆ ಬೆಳಕು ನೆಲವನ್ನು ಮುಟ್ಟುವುದೇ ಇಲ್ಲ, ಎದುರಿನ ಚಾಲಕನ ಕಣ್ಣಿಗೆ ಲೋ ಬೀಮೂ ಹೈ ಬೀಮಿನಂತೆಯೇ ಬೀಳುತ್ತದೆ. ನೀವು ಡಿಮ್ ಮಾಡಿದ್ದರೂ ಎದುರಿನವನು ಸಿಟ್ಟಿನಿಂದ ಡಿಪ್ಪರು ಹೊಡೆಯುವುದಕ್ಕೆ ಎಷ್ಟೋ ಸಲ ಇದೇ ಕಾರಣ.

ಇದಕ್ಕೆಂದೇ ಅನೇಕ ಕಾರು ಮತ್ತು ಜೀಪುಗಳ ಸ್ಟಿಯರಿಂಗಿನ ಪಕ್ಕದಲ್ಲಿ 0, 1, 2, 3 ಎಂದು ಬರೆದ ಸಣ್ಣ ಚಕ್ರ ಇರುತ್ತದೆ. ಮೂಟೆ ಹೇರಿದಾಗ ಅದನ್ನು ಮೇಲಿನ ಅಂಕಿಗೆ ತಿರುಗಿಸಿದರೆ ದೀಪ ಕೆಳಗೆ ಬಾಗುತ್ತದೆ. ಆ ಚಕ್ರ ಇರುವುದು ಏಕೆಂದು ಕೇಳಿದರೆ ಡ್ಯಾಶ್‌ಬೋರ್ಡಿನ ಬೆಳಕಿಗೆ ಎಂದು ಉತ್ತರಿಸಿದ ಚಾಲಕರನ್ನು ನಾನು ಕಂಡಿದ್ದೇನೆ.

ಮನೆಯಲ್ಲಿ ನೋಡಿಕೊಳ್ಳಲು ನಿಮ್ಮ ಕಾಫಿ ಕಣಕ್ಕಿಂತ ಒಳ್ಳೆಯ ಜಾಗ ಬೇರಿಲ್ಲ, ಅದು ಮಟ್ಟಸವಾಗಿರುತ್ತದೆ, ಬದಿಯಲ್ಲಿ ಗೋದಾಮಿನ ಗೋಡೆಯೂ ಇರುತ್ತದೆ. ಕತ್ತಲಾದ ಮೇಲೆ, ಚಾಲಕನನ್ನು ಕೂರಿಸಿ, ಜೀಪನ್ನು ಗೋಡೆಗೆ ತೀರ ಹತ್ತಿರ ತಂದು ಎರಡೂ ದೀಪಗಳ ನಡುವಿನ ಎತ್ತರವನ್ನು ಸೀಮೆಸುಣ್ಣದಿಂದ ಗುರುತಿಸಿ. ಆಮೇಲೆ ನೆಟ್ಟಗೆ 5 ಮೀಟರ್ ಹಿಂದಕ್ಕೆ ಸರಿಸಿ. ಲೋ ಬೀಮಿನ ಮೇಲಂಚು ಗುರುತಿಗಿಂತ 7.5 ಸೆಂಟಿಮೀಟರ್ ಕೆಳಗೆ ಬಂದರೆ ಇಳಿಜಾರು ಶೇ 1.5 ಎಂದರ್ಥ. ನಿಮ್ಮ ಜೀಪಿಗೆ ಎಷ್ಟು ಇಳಿಜಾರು ಬೇಕೆಂಬುದನ್ನು ಹೆಡ್‌ಲೈಟಿನ ಬಳಿಯ ಚೀಟಿಯಲ್ಲೋ ಮಾಲೀಕರ ಕೈಪಿಡಿಯಲ್ಲೋ ಬರೆದಿರುತ್ತಾರೆ. ಇಷ್ಟಾದ ಮೇಲೆ ಮೂಟೆಗಳನ್ನು ಹೇರಿ ಇನ್ನೊಮ್ಮೆ ನೋಡಿ, ಚಕ್ರವನ್ನು ಯಾವ ಅಂಕಿಗೆ ತಿರುಗಿಸಿದರೆ ಗೆರೆ ಮೊದಲಿನ ಜಾಗಕ್ಕೆ ಇಳಿಯುತ್ತದೆಂದು ಬರೆದು ಡ್ಯಾಶ್‌ಬೋರ್ಡಿಗೆ ಅಂಟಿಸಿಬಿಡಿ. ಚಕ್ರವಿಲ್ಲದ ಹಳೆಯ ಜೀಪಾದರೆ ಭಾರವನ್ನು ಆದಷ್ಟು ಮುಂದಕ್ಕೆ ಹೇರುವುದು, ಬಳಲಿದ ಹಿಂದಿನ ಸ್ಪ್ರಿಂಗ್ ಪಟ್ಟೆಗಳನ್ನು ಬದಲಿಸುವುದು, ಇವೇ ದಾರಿ.

ಪ್ರಶ್ನೆ: ಸಾಹೇಬರನ್ನು ಒಲಿಸಿಕೊಳ್ಳುತ್ತಿದ್ದವರು ಯಂತ್ರವನ್ನೂ ಒಲಿಸಿಕೊಳ್ಳುವುದಿಲ್ಲವೇ? ಪರೀಕ್ಷೆಯ ದಿನಕ್ಕೆ ಸ್ನೇಹಿತರ ಗಾಡಿಯ ಬಲ್ಬು ತಂದು ಹಾಕಿ ಪಾಸಾಗುವವರು ನಮ್ಮಲ್ಲಿದ್ದಾರೆ.
ಅರಸೀಕೆರೆಯ ಓದುಗರು

ಉತ್ತರ: ನಿಮ್ಮ ಅನುಮಾನ ನ್ಯಾಯವಾದದ್ದೇ. ಸ್ವಯಂಚಾಲಿತ ಪರೀಕ್ಷಾ ಕೇಂದ್ರಗಳಿಗಾಗಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರಲ್ಲಿ ಮಾಡಿದ ತಿದ್ದುಪಡಿಯ ಆಶಯ, ಅಳತೆ ಮಾಡುವವರ ಕೈಯಿಂದ ತೀರ್ಪು ಕೊಡುವ ಅಧಿಕಾರವನ್ನು ಬಿಡಿಸುವುದು. ಅಳತೆ ಯಂತ್ರದಿಂದ ನೇರವಾಗಿ ಗಣಕಕ್ಕೆ ಹೋಗುತ್ತದೆ, ನಡುವೆ ಯಾರೂ ಅಂಕಿ ತಿದ್ದುವಂತಿರಬಾರದು. ಆದರೂ ಯಂತ್ರಕ್ಕೆ ಅದರದೇ ಕಾಯಿಲೆಗಳಿವೆ. ಹೆಡ್‌ಲೈಟು ಪೆಟ್ಟಿಗೆ ಓಡುವ ಹಳಿ ಮತ್ತು ವಾಹನ ನಿಲ್ಲುವ ನೆಲ ಒಂದೇ ಮಟ್ಟದಲ್ಲಿರಬೇಕು. ವಾಹನದ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 2.5 ಮೀಟರ್ ಇದ್ದು, ಹಿಂದಿನ ಚಕ್ರದ ಕೆಳಗಿನ ನೆಲ ಎರಡೂವರೆ ಸೆಂಟಿಮೀಟರ್ ಕುಸಿದಿದ್ದರೆ ಅಷ್ಟಕ್ಕೇ ಶೇ 1ರ ತಪ್ಪು ಬರುತ್ತದೆ, ಸರಿಯಾದ ದೀಪ ಫೇಲಾಗುತ್ತದೆ, ಅತಿಯಾಗಿ ತಗ್ಗಿದ ದೀಪ ಪಾಸಾಗುತ್ತದೆ. ಮಸೂರದ ಮೇಲಿನ ಧೂಳು ಕ್ಯಾಂಡೆಲಾ ಲೆಕ್ಕವನ್ನು ಕುಗ್ಗಿಸುತ್ತದೆ. ಅದಕ್ಕಾಗಿ ಗೊತ್ತಿರುವ ಬೆಳಕಿನ, ಗೊತ್ತಿರುವ ಗುರಿಯ ದೀಪವೊಂದರಿಂದ ಯಂತ್ರವನ್ನು ಆಗಾಗ ಸರಿನೋಡಬೇಕು. ಆ ತಪಾಸಣೆಯ ಪ್ರಮಾಣಪತ್ರ ಯಾವ ತಾರೀಖಿನದೆಂದು ಕೇಂದ್ರದಲ್ಲಿ ಕೇಳಲು ಸಂಕೋಚಪಡಬೇಡಿ.

ಸ್ನೇಹಿತರ ಬಲ್ಬನ್ನು ಎರವಲು ತರುವವರ ಬಗ್ಗೆ ಯಂತ್ರ ಏನೂ ಮಾಡಲಾರದು. ಅದೂ ಒಂದು ತಮಾಷೆಯೇ: ಹೊಸ ಎಚ್4 ಬಲ್ಬಿಗೆ ಆಗುವ ಖರ್ಚು, ಎರವಲು ಬಲ್ಬನ್ನು ಬಿಚ್ಚಿ ಹಾಕಿ ಮತ್ತೆ ಬಿಚ್ಚಿ ಕೊಡುವಷ್ಟರಲ್ಲಿ ಕಳೆದ ಅರ್ಧ ದಿನದ ಬಾಡಿಗೆಗಿಂತ ಕಡಿಮೆ. ಸಾರಿಗೆ ವಾಹನಗಳಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ನಂತರ ವರ್ಷಕ್ಕೊಮ್ಮೆ ಎಫ್‌ಸಿ ಆಗಬೇಕು. ಪ್ರತಿಸಲವೂ ಪಾಸು ಅಥವಾ ಫೇಲು ಎಂಬ ಒಂದು ಪದವನ್ನಷ್ಟೇ ನೋಡಿ ಚೀಟಿ ಎಸೆಯಬೇಡಿ. ಎಡ ಮತ್ತು ಬಲ ದೀಪಗಳ ಕ್ಯಾಂಡೆಲಾ ಎಷ್ಟು, ಗುರಿ ಎಷ್ಟು ಸರಿದಿದೆ ಎಂಬ ಅಂಕಿಗಳಿರುವ ವರದಿಯನ್ನು ಕೇಳಿ ಪಡೆದು, ಆರ್‌ಸಿಯ ಜೊತೆ ಇಟ್ಟುಕೊಳ್ಳಿ. ಮುಂದಿನ ವರ್ಷದ ವರದಿಯಲ್ಲಿ ಎರಡೂ ಕಡೆಯ ಬೆಳಕು ಸಮನಾಗಿ ಇಳಿದಿದ್ದರೆ ಬಲ್ಬು ಅಥವಾ ಗಾಜು ಹಳೆಯದಾಗಿದೆ. ಒಂದೇ ಕಡೆ ಇಳಿದಿದ್ದರೆ ಆ ಬದಿಯ ಅರ್ಥ್ ತಂತಿಯನ್ನು ಮೊದಲು ನೋಡಿಸಿ.